ಗಂಜಿಯ ಉಪ್ಪು ನೋಡಿದವರಿಗೆ ಶುಕ್ರಿಯಾ

ರಂಜಾನ್ ಮುಗಿದು ಈದ್ ಆಯಿತು. ಶಿಡ್ಲಘಟ್ಟದ ನಮ್ಮ ಮೊಹಲ್ಲಾದ ಸಾಮೂಹಿಕ ಇಫ್ತಾರ್‌ಗೆ ತಂದಿದ್ದ, ಗಂಜಿ ಬೇಯಿಸುವ ದೊಡ್ಡ ಹಂಡೆಗಳಾದ ಬಾಡಿಗೆ ದೇಗ್‌ಗಳು ಬೂದಿ ಹಾಕಿ ತಿಕ್ಕಿಸಿಕೊಂಡು ಅಂಗಡಿಗೆ ವಾಪಸ್ ಹೋಗಿವೆ. ದುಡ್ಡು ಕೊಟ್ಟವರಿಗೆ, ಶಾದಿ ಮಹಲ್ ಬಿಟ್ಟುಕೊಟ್ಟ ಕಮಿಟಿಗೆ ಮುಖಾಮುಖಿ ಧನ್ಯವಾದ ಹೇಳಿಯಾಗಿದೆ. ಈ ಬರಹ ಉಳಿದವರಿಗೆ: ಮಸೀದಿ ಕಡೆ ಅಷ್ಟಾಗಿ ಬಾರದ, ಶುಕ್ರವಾರದ ಜುಮ್ಮಾ ನಮಾಜನ್ನೂ ಒಮ್ಮೊಮ್ಮೆ ತಪ್ಪಿಸುವ, ಆದರೂ ತಿಂಗಳಿಡೀ ಸಂಜೆ ಬಂದು ನಿಂತ ಹುಡುಗ ಹುಡುಗಿಯರಿಗೆ.

ಗಂಜಿಯ ಲೆಕ್ಕ ಗೊತ್ತಿದ್ದರೆ ನೀವು ಮಾಡಿದ ಕೆಲಸ ಎಷ್ಟೆಂದು ತಿಳಿಯುತ್ತದೆ. 200 ಜನಕ್ಕೆ 6 ಕೆಜಿ ಅಕ್ಕಿನುಚ್ಚು, ಒಂದೂವರೆ ಕೆಜಿ ಹೆಸರುಬೇಳೆ, 3 ಕೆಜಿ ಖೀಮಾ (ಕೊಚ್ಚಿದ ಮಾಂಸ), 60 ಲೀಟರ್ ನೀರು. ಅರೆದ ಶುಂಠಿ ಬೆಳ್ಳುಳ್ಳಿ ಮುಕ್ಕಾಲು ಕೆಜಿ, ಒಂದು ಹಿಡಿ ಮೆಂತ್ಯ, ಚಕ್ಕೆ ಲವಂಗ, ಪುದೀನಾ, ಕೊತ್ತಂಬರಿ. ಮಧ್ಯಾಹ್ನ 3ಕ್ಕೆ ಒಲೆ ಹಚ್ಚಿದರೆ ಐದೂವರೆಗೆ ಇಳಿಸಬಹುದು. ನುಚ್ಚು ಅರಳಲು ಶುರುವಾದ ಮೇಲೆ ಸೌಟು ನಿಲ್ಲುವ ಹಾಗಿಲ್ಲ. ಸ್ವಲ್ಪ ಮೈಮರೆತರೂ ಬೇಳೆ ಕೆಳಗಿಳಿದು ತಳ ಹಿಡಿಯುತ್ತದೆ. ಹಿಡಿದದ್ದು ಗೊತ್ತಾದಾಗ ಕೆರೆಯಬಾರದು, ಕೆರೆದರೆ ಸೀದ ವಾಸನೆ ಇಡೀ ದೇಗ್‌ಗೆ ಹತ್ತುತ್ತದೆ. ಮೇಲಿನದನ್ನಷ್ಟೇ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಬೇಕು. ಇಳಿಸಿದ ಮೇಲೂ ಗಂಜಿ ಗಟ್ಟಿಯಾಗುತ್ತಲೇ ಹೋಗುತ್ತದೆ, ಅದಕ್ಕೇ ಪಕ್ಕದಲ್ಲಿ 8 ಲೀಟರ್ ಕುದಿನೀರು ಇರಲೇಬೇಕು. ತಣ್ಣೀರು ಸುರಿದರೆ ನೀರು ಬೇರೆ, ಅಗುಳು ಬೇರೆ ಆಗಿಬಿಡುತ್ತದೆ.

ಇನ್ನು ಉಪ್ಪು. ಅರ್ಧ ಕೆಜಿ ತೂಗಿಟ್ಟು ಮುಕ್ಕಾಲು ಭಾಗ ಮೊದಲು ಹಾಕಿ, ಉಳಿದದ್ದನ್ನು ರುಚಿ ನೋಡಿಯೇ ಹಾಕಬೇಕು. ಆದರೆ ನೋಡುವವರು ಯಾರು? ಅಡುಗೆಯ ಬಾವರ್ಚಿ ರೋಜಾ (ಉಪವಾಸ) ಇರುತ್ತಾರೆ. ಮಕ್ಕಳನ್ನು ಕರೆದರೆ ಏನು ಕೊಟ್ಟರೂ ‘ಚೆನ್ನಾಗಿದೆ’ ಅನ್ನುತ್ತವೆ. ಆ ಉಪ್ಪು ನೋಡಿದವರು ನೀವು. ಪರದೆ ಹಿಂದೆ ಒಂದು ಸ್ಟೀಲ್ ಬಟ್ಟಲು, ಒಂದು ಚಮಚ. ಊದಿ ಆರಿಸಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಒಂದು ಕ್ಷಣ ಯೋಚಿಸಿ, ‘ಇನ್ನೊಂದು ಹಿಡಿ’ ಎಂದು ಕೈಸನ್ನೆ. ಯಾಕೆ ರೋಜಾ ಇಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಬಾರದು ಎಂಬುದು ಮೊದಲ ದಿನ ಒಲೆ ಹಚ್ಚುವ ಮುಂಚೆಯೇ ಆಗಿದ್ದ ಮಾತು. ಹುಷಾರಿಲ್ಲದವರಿಗೆ, ಪ್ರಯಾಣದಲ್ಲಿರುವವರಿಗೆ, ಮುಟ್ಟಾದ ಹೆಣ್ಣುಮಕ್ಕಳಿಗೆ ದೀನಿನಲ್ಲೇ (ಧರ್ಮದಲ್ಲೇ) ವಿನಾಯಿತಿ ಇದೆ. ಉಳಿದವರದು ಅವರಿಗೂ ಅಲ್ಲಾಹನಿಗೂ ಬಿಟ್ಟದ್ದು.

ನಮ್ಮದು ರೇಷ್ಮೆಯ ಊರು ಎಂಬುದನ್ನೂ ಇಲ್ಲಿ ನೆನೆಯಬೇಕು. ಗೂಡು ಮಾರುಕಟ್ಟೆಯ ಹರಾಜು ಮುಗಿದ ಮೇಲೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮನೆಗಳಲ್ಲಿ ದಿನವಿಡೀ ಬಿಸಿನೀರು, ಹಬೆ. ಅದರ ಮುಂದೆ ಬಾಯಾರಿಕೊಂಡು ಕೂರುವುದು ಎಲ್ಲರ ಮೈಗೂ ಆಗುವುದಿಲ್ಲ. ಸಂಜೆ ಬಟ್ಟಲು ಹಂಚಲು ಬಂದ ಹುಡುಗರ ಬೆರಳ ತುದಿಗಳು ನೆನೆದು ಬಿಳುಚಿ, ಸುಕ್ಕುಗಟ್ಟಿರುತ್ತಿದ್ದವು. ರೋಜಾ ಇಲ್ಲದವನನ್ನು ದೀನಿನಿಂದ ದೂರ ಹೋದವನು ಎಂದು ಅಳೆಯುವ ಹಿರಿಯರು ದಯವಿಟ್ಟು ಆ ಬೆರಳುಗಳನ್ನೂ ನೋಡಿ.

ಒಂದು ದಿನ ಬಂದು ಮರುದಿನ ಬಾರದವರು ಹೆಚ್ಚಾಗಿ ಕೈತಪ್ಪುವುದು ಒಂದೇ ಹೊತ್ತಿನಲ್ಲಿ, ಸೂರ್ಯ ಮುಳುಗಿದಾಗಿನ ನಮಾಜ್ ಮಗ್ರಿಬ್‌ನ ಆ ಹತ್ತು ನಿಮಿಷದಲ್ಲಿ. ಆರೂವರೆ ಸುಮಾರಿಗೆ ಅಜಾನ್ ಆಗಿ, ಖರ್ಜೂರ ನೀರು ಮುಗಿದು, ಎಲ್ಲರೂ ನಮಾಜಿಗೆ ಸಫ್ (ಸಾಲು) ಕಟ್ಟಲು ಏಳುತ್ತಾರೆ. ನಮಾಜಿನ ರೂಢಿ ತಪ್ಪಿದವನಿಗೆ ಏಳಲೂ ಸಂಕೋಚ, ಕೂತಿರಲೂ ಸಂಕೋಚ. ಫೋನ್ ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆಯುತ್ತಾನೆ, ಹಾಗೇ ಮನೆಗೆ ಹೋಗುತ್ತಾನೆ. ಅದಕ್ಕೇ ಆ ಹತ್ತು ನಿಮಿಷಕ್ಕೆಂದೇ ಕೆಲಸ ಇಟ್ಟೆವು: ಖರ್ಜೂರದ ಬೀಜ ಆರಿಸಿ, ಊಟಕ್ಕೆ ಹಾಸುವ ದಸ್ತರ್‌ಖಾನ್ ಒದ್ದೆ ಬಟ್ಟೆಯಲ್ಲಿ ಒರೆಸುವುದು, 200 ಬಟ್ಟಲಿಗೆ ಕಾಲು ಲೀಟರಿನಂತೆ ಗಂಜಿ ಬಗ್ಗಿಸುವುದು. ಎಂಟು ಜನ ಇದ್ದರೆ ತಲಾ 25 ಬಟ್ಟಲು, ಸಲಾಮ್ ಹೇಳಿ ನಮಾಜ್ ಮುಗಿಯುವ ಹೊತ್ತಿಗೆ ಎಲ್ಲ ಸಿದ್ಧ. ನಾಲ್ವರೇ ಆದರೆ ಮೊದಲು ತುಂಬಿದ ಬಟ್ಟಲಿನ ಮೇಲೆ ಕೆನೆ ಕಟ್ಟಿರುತ್ತದೆ. ಬಡಿಸಿ ಮುಗಿಸಿ ತಾವಾಗಿಯೇ ನಮಾಜ್‌ಗೆ ನಿಂತವರಿದ್ದಾರೆ, ನಿಲ್ಲದವರೂ ಇದ್ದಾರೆ. ನಾವು ಹಾಜರಿ ತೆಗೆದುಕೊಳ್ಳಲಿಲ್ಲ.

ಬಯಾನನ್ನು (ಪ್ರವಚನವನ್ನು) ಅಜಾನ್‌ಗೆ ಮೊದಲೇ, ಐದೇ ನಿಮಿಷದಲ್ಲಿ, ಕನ್ನಡ ಬೆರೆಸಿ ಮುಗಿಸಿದ ಮಸೀದಿಯ ಗುರು ಹಜ್ರತ್‌ಗೆ ವಿಶೇಷ ಶುಕ್ರಿಯಾ. ಕನ್ನಡ ಮೀಡಿಯಂನಲ್ಲಿ ಓದಿ, ಮನೆಯಲ್ಲಿ ದಖ್ಖನಿ ಉರ್ದು ಆಡಿದರೂ ಉರ್ದು ಅಕ್ಷರ ಓದಲು ಬಾರದವರು ನಮ್ಮಲ್ಲಿ ಬಹಳ. ಗಟ್ಟಿ ಉರ್ದುವಿನ ಉದ್ದ ಭಾಷಣ ಕೇಳಿದರೆ ಇದು ತಮ್ಮ ಜಾಗ ಅಲ್ಲ ಎಂದೇ ಅವರಿಗೆ ಅನ್ನಿಸುತ್ತದೆ. ಅನುಮತಿ ಇಲ್ಲದೆ ಫೋಟೋ ಬೇಡ ಎಂಬ ಮಾತು ಪಾಲಿಸಿದವರಿಗೂ ಋಣಿ. ಒಬ್ಬ ಹುಡುಗಿಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಿ ಮನೆಯಲ್ಲಿ ಮಾತು ಬಂದರೆ ಅವಳಷ್ಟೇ ಅಲ್ಲ, ಅವಳ ಗೆಳತಿಯರೂ ಬರುವುದನ್ನು ನಿಲ್ಲಿಸುತ್ತಾರೆ.

ಶನಿವಾರ ಬೆಂಗಳೂರಿನಿಂದ ಬಸ್ ಇಳಿದು ಬ್ಯಾಗ್ ಸಮೇತ ಇಲ್ಲಿಗೇ ಬಂದವರಿಗೆ, ಖೀಮಾ ಹಾಕದ ಗಂಜಿಯನ್ನು ಬೇರೆ ಪಾತ್ರೆಯಲ್ಲಿ ಮಾಡಿಟ್ಟಾಗ ಸಂತೋಷದಿಂದ ಬಂದು ಕೂತ ಪಕ್ಕದ ಬೀದಿಯವರಿಗೆ, ಬೆಳಿಗ್ಗೆ ಕಸ ಎತ್ತಿದ ಪೌರಕಾರ್ಮಿಕರಿಗೆ ವಂದನೆ.

ಇಷ್ಟಕ್ಕೂ ಒಂದು ಬಟ್ಟಲು ಗಂಜಿಗೆ ಇಷ್ಟು ಯಾಕೆ ಎಂದು ಕೇಳಿದವರಿದ್ದಾರೆ. ಮನೆಯಲ್ಲಿ ಮೌತ್ (ಸಾವು) ಆದ ರಾತ್ರಿ ಅದು ಗೊತ್ತಾಗುತ್ತದೆ. ಶವಕ್ಕೆ ಗುಸ್ಲ್ (ಸ್ನಾನ) ಕೊಡುವವರು ಯಾರು, ಶವಕ್ಕೆ ಸುತ್ತುವ, ಗಂಡಸರಿಗೆ ಮೂರು, ಹೆಂಗಸರಿಗೆ ಐದು ಬಟ್ಟೆಯ ಕಫನ್ ಆ ಹೊತ್ತಿನಲ್ಲಿ ಎಲ್ಲಿ ಸಿಗುತ್ತದೆ, ಖಬರಸ್ತಾನದಲ್ಲಿ ತೋಡಲು ಯಾರಿಗೆ ಹೇಳಬೇಕು? ಎಲ್ಲರಿಂದ ದೂರ ಉಳಿದ ಹುಡುಗನ ಫೋನಿನಲ್ಲಿ ಇದರಲ್ಲಿ ಒಂದು ನಂಬರೂ ಇರುವುದಿಲ್ಲ. ಈಗ ನಿಮ್ಮಲ್ಲಿ ಒಬ್ಬೊಬ್ಬರ ಹತ್ತಿರವೂ ಬಾವರ್ಚಿಯದು, ಹಜ್ರತ್‌ರದು, ಜೊತೆಗೆ ಸೌಟು ತಿರುಗಿಸಿದವರದು ಇದೆ.

ಖರ್ಚಿನ ಲೆಕ್ಕವನ್ನು ಶಾದಿ ಮಹಲ್ ಬಾಗಿಲಿಗೆ ಅಂಟಿಸಿದೆ. ಬಾಡಿಗೆಯ ಒಂದು ಉದ್ದ ಸೌಟು ಸಿಕ್ಕಿಲ್ಲ, ಯಾರ ಮನೆಯಲ್ಲಾದರೂ ಉಳಿದಿದ್ದರೆ ತಂದುಕೊಡಿ, ಡಿಪಾಸಿಟ್ ಬರಬೇಕಿದೆ. ಬಕ್ರೀದ್‌ಗೆ ಮಾಂಸ ತೂಗಿ ಪೊಟ್ಟಣ ಕಟ್ಟಲು 12 ಜನ ಬೇಕು. ಹೆಸರು ಬರೆಯುವ ಚೀಟಿ ಅದೇ ಬಾಗಿಲಿನಲ್ಲಿದೆ, ಪೆನ್ನನ್ನು ದಾರದಲ್ಲಿ ಕಟ್ಟಿಟ್ಟಿದ್ದೇವೆ.