ರಸ್ತೆಯ ಕೊನೆಯ ಊರುಗಳಿಗಾಗಿ: ಟೋಕೋ ಸಂಸದರಿಗೆ ಒಂದು ಬಹಿರಂಗ ಪತ್ರ

ಟೋಕೋ–ಸಾಂಗ್ರೆ ಗ್ರಾಂಡೆ ಕ್ಷೇತ್ರದ ಸಂಸತ್ ಸದಸ್ಯರಿಗೆ, ಟ್ರಿನಿಡಾಡ್ ಮತ್ತು ಟೊಬೇಗೊ

ಮಾನ್ಯರೇ,

ನಾನು ನಿಮ್ಮ ಕ್ಷೇತ್ರದ ಮತದಾರನಲ್ಲ. ಉತ್ತರ ಕನ್ನಡ ಜಿಲ್ಲೆಯಿಂದ ಕೆಲಸಕ್ಕಾಗಿ ಟ್ರಿನಿಡಾಡಿಗೆ ಬಂದು ನೆಲೆಸಿದವನು. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ತಲುಪುತ್ತದೆ. ಕನ್ನಡದಲ್ಲೂ ಬರೆಯುತ್ತಿರುವುದು, ಗುಡ್ಡಕ್ಕೂ ಕಡಲಿಗೂ ನಡುವೆ ಒಂದೇ ರಸ್ತೆಯನ್ನು ನಂಬಿ ಬದುಕುವುದು ಏನೆಂದು ಬಲ್ಲ ನನ್ನ ಊರಿನವರೂ ಇದನ್ನು ಓದಲಿ ಎಂದು.

ದ್ವೀಪದ ಈಶಾನ್ಯ ತುದಿಯಲ್ಲಿರುವ ಟೋಕೋ ನನ್ನ ಊರಿನವರಿಗೆ ಪೂರ್ತಿ ಅಪರಿಚಿತವೇನಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 19ನೆಯ ವಯಸ್ಸಿಗೇ ಜಾವೆಲಿನ್ ಚಿನ್ನ ಗೆದ್ದ, 2025ರಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೀರಜ್ ಚೋಪ್ರಾ ಎಂಟನೆಯವರಾದ ಸಂಜೆ 88.16 ಮೀಟರ್ ಎಸೆದು ಮತ್ತೆ ಚಿನ್ನ ಗೆದ್ದ ಕೆಶಾರ್ನ್ ವಾಲ್ಕಾಟ್ ಹುಟ್ಟಿ ಬೆಳೆದ ಊರು ಇದು. ಗಲೇರಾ ಭೂಶಿರದ 1897ರ ದೀಪಸ್ತಂಭಕ್ಕೆ ಸರ್ಕಾರ ಅವರ ಹೆಸರಿಟ್ಟಿತು. ಸಂತೋಷ. ಆದರೆ ಆ ದೀಪಸ್ತಂಭವನ್ನು ನೋಡಲು ಹೋಗುವವರಿಗೆ ಮಟುರಾ ಎಂಬ ಊರು ದಾಟಿದ ಮೇಲೆ ಸಿಗುವ ರಸ್ತೆಯೇ ನನ್ನ ಈ ಪತ್ರದ ವಿಷಯ.

ಆ ರಸ್ತೆ ಸಲೀಬಿಯಾ, ಬಲಾಂಡ್ರಾ, ಕುಮಾನಾಗಳನ್ನು ಹಾದು ಟೋಕೋ ಮುಟ್ಟುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಸಾನ್ ಸೂಸಿ, ಗ್ರಾಂಡ್ ರಿವಿಯೇರ್‌ಗಳ ಮೂಲಕ ಮಟೆಲಾಟ್‌ನಲ್ಲಿ ಮುಗಿದುಹೋಗುತ್ತದೆ. ಅದರಾಚೆ ಬ್ಲಾಂಚಿಶೆಸ್‌ವರೆಗೆ ಕಾಡಿನ ಕಾಲುದಾರಿ ಮಾತ್ರ. ಜೂನ್‌ನಿಂದ ಡಿಸೆಂಬರ್‌ವರೆಗಿನ ಮಳೆಗಾಲದಲ್ಲಿ ಧರೆ ಕುಸಿದು ಮಣ್ಣೂ ಮರವೂ ರಸ್ತೆಗೆ ಬಿದ್ದರೆ, ಅಥವಾ ಕಡಲಿನ ಬದಿಯ ಅಂಚು ಕುಸಿದು ಅರ್ಧ ರಸ್ತೆ ಕೆಳಗೆ ಹೋದರೆ, ಸುತ್ತಿ ಬರಲು ಇನ್ನೊಂದು ದಾರಿಯೇ ಇಲ್ಲ. ಟೋಕೋದಲ್ಲಿ ಆರೋಗ್ಯ ಕೇಂದ್ರವಿದ್ದರೂ ದೊಡ್ಡ ಕಾಯಿಲೆಗೆ ಸಾಂಗ್ರೆ ಗ್ರಾಂಡೆಯ ಆಸ್ಪತ್ರೆಗೇ ಬರಬೇಕು. ಮೀನುಗಾರನ ಮಂಜುಗಡ್ಡೆ, ಅಂಗಡಿಯ ಅಕ್ಕಿ, ಹಿಟ್ಟು, ನಮ್ಮ ಮ್ಯಾಕ್ಸಿ ಕ್ಯಾಬಿನಂತೆಯೇ ಇಲ್ಲಿಯೂ ಮ್ಯಾಕ್ಸಿ ಎಂದೇ ಕರೆಯುವ ಬಾಡಿಗೆ ವಾಹನ, ಎಲ್ಲದಕ್ಕೂ ಇದೊಂದೇ ದಾರಿ. 1939ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿಲ್ ಹರ್ಸ್ಕೊವಿಟ್ಸ್ ದಂಪತಿ ತಮ್ಮ ಅಧ್ಯಯನಕ್ಕೆ ಟೋಕೋವನ್ನು ಆರಿಸಿಕೊಂಡದ್ದಕ್ಕೆ ಅದು ದೂರದ ಊರೆಂಬುದೂ ಒಂದು ಕಾರಣ. ವಿದ್ವಾಂಸರಿಗೆ ಒದಗಿಬಂದ ಆ ದೂರ ಹೆರಿಗೆ ನೋವು ತಿನ್ನುವವಳಿಗೆ ಒದಗುವುದಿಲ್ಲ.

ರಸ್ತೆಯ ಮಾತೆತ್ತಿದರೆ ಬಂದರಿನ ಮಾತು ಬರುತ್ತದೆಂದು ಬಲ್ಲೆ. ನೋಟ ತಿಳಿಯಾಗಿರುವ ದಿನ ಟೋಕೋದಿಂದ ಟೊಬೇಗೊ ಕಣ್ಣಿಗೆ ಕಾಣುತ್ತದೆ. ಆದರೂ ಹಡಗು ಹೊರಡುವುದು ದೂರದ ಪೋರ್ಟ್ ಆಫ್ ಸ್ಪೇನ್‌ನಿಂದ. ಆದ್ದರಿಂದ ಟೋಕೋದಲ್ಲಿ ಹಡಗುಕಟ್ಟೆ ಕಟ್ಟಿ, ವಾಲೆನ್ಸಿಯಾದಿಂದ ಅಲ್ಲಿಯವರೆಗೆ ರಸ್ತೆಯನ್ನು ಮೇಲ್ದರ್ಜೆಗೇರಿಸುವ ಯೋಜನೆ ಹಿಂದಿನ ಸರ್ಕಾರದ ಕಾಲದಲ್ಲಿ ಚರ್ಚೆಗೆ ಬಂತು. ಕೆಲಸ ಸಿಗುತ್ತದೆಂದು ಕೆಲವರು ಬೇಕೆಂದರು. ಹವಳದ ದಿಬ್ಬಗಳೂ ಮೀನುಗಾರಿಕೆಯೂ ಹಾಳಾಗುತ್ತವೆಂದು ಕೆಲವರು ಬೇಡವೆಂದರು. ಆ ವಾದದಲ್ಲಿ ತೀರ್ಪು ಕೊಡಲು ನಾನು ಯಾರೂ ಅಲ್ಲ. ನನ್ನ ಆಕ್ಷೇಪವೆಲ್ಲ ಒಳ್ಳೆಯ ರಸ್ತೆಯನ್ನು ಬಂದರಿನ ಬಾಲಕ್ಕೆ ಕಟ್ಟಿದ್ದರ ಬಗ್ಗೆ. ಬಂದರು ಬಂದರೂ ಬಾರದಿದ್ದರೂ ಮಟೆಲಾಟ್‌ನ ಮಗು ಶಾಲೆಗೆ ಹೋಗಲೇಬೇಕು. ಅಲ್ಲದೆ ಬಂದರಿನ ರಸ್ತೆ ಟೋಕೋದಲ್ಲೇ ನಿಲ್ಲುತ್ತದೆ, ಮಟೆಲಾಟ್ ಅದಕ್ಕೂ ಆಚೆಗಿದೆ.

ಅಗಲ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನನ್ನ ಜಿಲ್ಲೆಯ ಒಂದು ಸಂಗತಿ ಹೇಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಚತುಷ್ಪಥ ಹೆದ್ದಾರಿಗಾಗಿ ಕಡಿದ ಗುಡ್ಡ ಮಳೆಗೆ ಕುಸಿದು ರಸ್ತೆ ಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಒಬ್ಬ ಲಾರಿ ಚಾಲಕನ ದೇಹ ನದಿಯ ತಳದಲ್ಲಿ ಸಿಕ್ಕಿದ್ದು ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಗುಡ್ಡದ ಬುಡ ಕಡಿದವರು ಮೇಲಿನ ನೀರು ಎತ್ತ ಹೋಗಬೇಕೆಂದು ಮೊದಲೇ ಗೊತ್ತು ಮಾಡದಿದ್ದರೆ, ಅದು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ.

ಆದ್ದರಿಂದ ನನ್ನ ಮೊದಲ ಕೋರಿಕೆ ಸಣ್ಣದು, ಉದ್ಘಾಟನೆಗೆ ಒದಗದಂಥದ್ದು: ಮೇ ಮುಗಿಯುವ ಮೊದಲು, ವರ್ಷವರ್ಷವೂ ಕುಸಿಯುವ ಜಾಗಗಳಲ್ಲಿ ಇಳಿಜಾರಿನ ಮೇಲ್ಭಾಗದ ಚರಂಡಿಗಳು, ರಸ್ತೆಯಡಿಯ ಮೋರಿಗಳು, ಕಡಲಿನ ಬದಿಯ ತಡೆಗೋಡೆಗಳು ಸಿದ್ಧವಾಗಬೇಕು. ಮಳೆಗಾಲದುದ್ದಕ್ಕೂ ಒಂದು ಜೆಸಿಬಿ ಯಂತ್ರ ಟೋಕೋದಲ್ಲಿಯೇ ನಿಂತಿರಬೇಕು. ಸಾಂಗ್ರೆ ಗ್ರಾಂಡೆಯಿಂದ ಬರಬೇಕಾದ ಯಂತ್ರ ಮೊದಲ ಕುಸಿತದ ಮುಂದೆಯೇ ನಿಂತುಬಿಟ್ಟರೆ ಆಚೆಯ ಊರುಗಳಿಗೆ ಅದರಿಂದ ಏನು ಪ್ರಯೋಜನ? ರಸ್ತೆ ಕಡಿದ ದಿನ ರೋಗಿಯನ್ನು ಕುಸಿತದ ಆಚೆಯಿಂದ ಹೊತ್ತು ತಂದರೆ ಈಚೆ ಆಂಬುಲೆನ್ಸ್ ಕಾದಿರುವ ಏರ್ಪಾಡೂ ಬರಹದಲ್ಲಿರಬೇಕು.

ಕಾಲ ನೋಡಿ ಮಾಡದ ಕೆಲಸದ ಬೆಲೆ ಎಷ್ಟೆಂದು ನಿಮ್ಮ ಕ್ಷೇತ್ರಕ್ಕೆ ಗೊತ್ತಿದೆ. ಗ್ರಾಂಡ್ ರಿವಿಯೇರ್‌ನಲ್ಲಿ ನದಿಯ ಅಳಿವೆ ದಿಕ್ಕು ಬದಲಿಸಿ ದಂಡೆಯನ್ನು ಕೊರೆಯತೊಡಗಿದ್ದಾಗ, ಅದನ್ನು ತಿರುಗಿಸಲು ಬುಲ್ಡೋಜರ್‌ಗಳು ಇಳಿದದ್ದು 2012ರ ಜುಲೈನಲ್ಲಿ, ಅಂದರೆ ಲೆದರ್‌ಬ್ಯಾಕ್ ಕಡಲಾಮೆಗಳು ಮೊಟ್ಟೆಯಿಡುವ ಕಾಲದ ನಡುವೆ. ಸಾವಿರಾರು ಮೊಟ್ಟೆ ಮರಿಗಳು ನಾಶವಾದವು. ಆ ದಂಡೆ ಜಗತ್ತಿನಲ್ಲೇ ಈ ಆಮೆಗಳು ಅತ್ಯಂತ ದಟ್ಟವಾಗಿ ಮೊಟ್ಟೆಯಿಡುವ ತಾಣಗಳಲ್ಲೊಂದು; ಅದನ್ನು ನೋಡಲು ರಾತ್ರಿ ಬರುವ ಪ್ರವಾಸಿಗಳಿಂದಲೇ ಊರಿನ ಮಾರ್ಗದರ್ಶಕರ, ವಸತಿಗೃಹಗಳ ಸಂಪಾದನೆ. ಆಮೆಗಳ ಕಾಲ ಮಾರ್ಚ್‌ನಲ್ಲಿ ಶುರುವಾಗುವುದರಿಂದ ಅಳಿವೆಯ ಕೆಲಸವೇನಿದ್ದರೂ ಜನವರಿ–ಫೆಬ್ರುವರಿಯಲ್ಲೇ ಮುಗಿಯಬೇಕು. ಅಂದರೆ ಅದರ ಹಣ ಹಿಂದಿನ ವರ್ಷದ ಕೊನೆಯೊಳಗೇ ಮಂಜೂರಾಗಿರಬೇಕು.

ಕೊನೆಯದಾಗಿ, ಈ ಕೆಲಸಗಳ ಬಗ್ಗೆ ನೀವು ಕರೆಯುವ ಸಭೆ ಸಾಂಗ್ರೆ ಗ್ರಾಂಡೆಯಲ್ಲಿ ಬೇಡ. ಮಟೆಲಾಟ್‌ನಲ್ಲಿ ಕರೆಯಿರಿ, ನವೆಂಬರ್ ತಿಂಗಳಲ್ಲಿ, ಮಳೆ ಹಿಡಿದಿರುವಾಗ, ಸಾಧ್ಯವಾದರೆ ಮ್ಯಾಕ್ಸಿಯಲ್ಲೇ ಬನ್ನಿ.

ಇಂತಿ ವಿಶ್ವಾಸದೊಂದಿಗೆ,
ಟ್ರಿನಿಡಾಡಿನಲ್ಲಿ ನೆಲೆಸಿರುವ ಒಬ್ಬ ಉತ್ತರ ಕನ್ನಡಿಗ