ಮಳೆಗೆ ಮೊದಲು ಮನೆ ವಿಮೆ ರದ್ದು: ಇದನ್ನು ಒಪ್ಪಲಾಗದು

ಮಾನ್ಯ ಸಂಪಾದಕರೇ,

ಮಡಿಕೇರಿ ತಾಲ್ಲೂಕಿನಲ್ಲಿರುವ ನಮ್ಮ ಮನೆಯ ವಿಮೆಯನ್ನು ಕಂಪನಿಯವರು ಅವಧಿ ಮುಗಿಯುವ ಮೊದಲೇ ರದ್ದು ಮಾಡಿದ್ದಾರೆ. ಅದೂ ಮೇ ತಿಂಗಳಲ್ಲಿ, ಇನ್ನೇನು ಮಳೆ ಹಿಡಿಯುತ್ತೆ ಅನ್ನುವಾಗ. ಮನೆ ಭೂಕುಸಿತದ ಭಯವಿರುವ ಜಾಗದಲ್ಲಿದೆ, ಪಾಲಿಸಿ ಮಾಡಿಸುವಾಗ ನೀವು ಅದನ್ನು ಮುಚ್ಚಿಟ್ಟಿದ್ದೀರಿ ಅನ್ನುವುದು ಅವರು ಕೊಟ್ಟ ಕಾರಣ. ಇಂಗ್ಲಿಷಿನ ಇಮೇಲ್, ಒಂದೇ ಪ್ಯಾರಾ. ಮುಚ್ಚಿಟ್ಟಿದ್ದೀರಿ ಅನ್ನುವ ಆ ಮಾತನ್ನು ನಾವು ಒಪ್ಪುವುದಿಲ್ಲ. ಅದನ್ನು ನಾಲ್ಕು ಜನರೆದುರು ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ.

ಅರ್ಜಿ ಫಾರಂನ ನಕಲು ತರಿಸಿಕೊಂಡು ನೋಡಿದೆ. ಗೃಹಸಾಲ ಕೊಡುವಾಗ ಬ್ಯಾಂಕಿನವರೇ ತುಂಬಿದ ಫಾರಂ ಅದು, ಕೆಳಗೆ ನಮ್ಮ ತಂದೆಯ ಸಹಿ. ಗೋಡೆ ಯಾವುದರದ್ದು, ಚಾವಣಿ ಯಾವುದರದ್ದು, ಕಟ್ಟಿ ಎಷ್ಟು ವರ್ಷವಾಯಿತು, ಎಷ್ಟು ಚದರಡಿ, ಸ್ವಂತ ವಾಸಕ್ಕಾ ಬಾಡಿಗೆಗಾ, ಇಷ್ಟೇ ಪ್ರಶ್ನೆ. ಎಲ್ಲದಕ್ಕೂ ಇದ್ದದ್ದು ಇದ್ದ ಹಾಗೇ ಉತ್ತರ ಇದೆ. ಮನೆ ಹಿಂದೆ ಬರೆ (ಕಡಿದಾದ ಗುಡ್ಡದ ಇಳಿಜಾರು) ಇದೆಯಾ, ತಡೆಗೋಡೆ ಕಟ್ಟಿಸಿದ್ದೀರಾ, ಹತ್ತಿರದಲ್ಲಿ ಯಾವಾಗಲಾದರೂ ಮಣ್ಣು ಜರಿದಿತ್ತಾ ಅಂತ ಕೇಳುವ ಒಂದು ಕಾಲಂ ಕೂಡ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಮುಚ್ಚಿಡುವುದು ಹೇಗೆ? ಊರು, ತಾಲ್ಲೂಕು, ಪಿನ್ ಕೋಡ್ ಎಲ್ಲ ಮೊದಲ ಪುಟದ ಮೇಲೇ ಇದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಇಡೀ ದೇಶ ಟಿವಿಯಲ್ಲಿ ನೋಡಿದೆ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಇದೆಲ್ಲ ಆದ ಮೇಲೆಯೇ ಅವರು ಈ ಪಾಲಿಸಿ ಮಾರಿದ್ದು, ಪ್ರೀಮಿಯಂ ತೆಗೆದುಕೊಂಡಿದ್ದು.

ನಮ್ಮದು ಭಾರತ್ ಗೃಹ ರಕ್ಷಾ ಪಾಲಿಸಿ. 2021ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರವೇ ಒಂದೇ ಮಾದರಿಯಲ್ಲಿ ಜಾರಿಗೆ ತಂದದ್ದು. ಬೆಂಕಿ, ಪ್ರವಾಹ, ಭೂಕಂಪದ ಜೊತೆ ಭೂಕುಸಿತವೂ ಅದರಲ್ಲಿ ಸೇರಿದೆ. ಕಳಪೆ ಕಟ್ಟಡ, ಹೊಸ ಮನೆಯ ತಳ ಕೂರುವಾಗ ಬರುವ ಬಿರುಕು, ನದಿ ಕೊರೆತ, ಇಂಥವಕ್ಕೆ ಪರಿಹಾರ ಇಲ್ಲ ಅಂತಲೂ ಅಲ್ಲೇ ಇದೆ. ಅದು ಸರಿ, ತಕರಾರಿಲ್ಲ. ಆದರೆ ಬರೆ ಕುಸಿಯುವ ಊರಿನವರು ಈ ಪಾಲಿಸಿ ಮಾಡಿಸುವುದೇ ಭೂಕುಸಿತಕ್ಕಾಗಿ ಅಲ್ವಾ?

ಈಗ ನಿಯಮಕ್ಕೆ ಬರುತ್ತೇನೆ, ಯಾಕೆಂದರೆ ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಪ್ರಾಧಿಕಾರ 2024ರ ಜೂನ್ 11ರಂದು ಸಾಮಾನ್ಯ ವಿಮೆಯ ಬಗ್ಗೆ ಹೊರಡಿಸಿದ ಮಾಸ್ಟರ್ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ: ನಮ್ಮಂಥ ಸಾಮಾನ್ಯ ಗ್ರಾಹಕರ ಪಾಲಿಸಿಯನ್ನು ಕಂಪನಿ ರದ್ದು ಮಾಡಬೇಕಾದರೆ ವಂಚನೆ ಸಾಬೀತಾಗಿರಬೇಕು, ಕನಿಷ್ಠ 7 ದಿನದ ನೋಟಿಸ್ ಕೊಡಬೇಕು. ಅನುಮಾನ ಸಾಲದು. ಆಫೀಸಿನಲ್ಲಿ ಕೂತು ನಕ್ಷೆ ನೋಡಿ ಇಲ್ಲಿ ಅಪಾಯ ಜಾಸ್ತಿ ಅಂತ ಈಗ ಅನ್ನಿಸಿದರೆ ಅದು ನಮ್ಮ ವಂಚನೆ ಆಗುವುದಿಲ್ಲ. ಮೊದಲೇ ಎಂಜಿನಿಯರ್ ಕಳಿಸಿ ನೋಡಬಹುದಿತ್ತು, ಪ್ರೀಮಿಯಂ ಜಾಸ್ತಿ ಕೇಳಬಹುದಿತ್ತು. ಅದ್ಯಾವುದನ್ನೂ ಮಾಡದೆ ಅವಧಿಯ ನಡುವೆ ಕೈಬಿಟ್ಟು, ಮೇಲಿಂದ ಸುಳ್ಳು ಹೇಳಿದವರು ಅನ್ನುವ ಹೆಸರನ್ನು ನಮ್ಮ ತಂದೆಗೆ ಹಚ್ಚುವುದು ತಪ್ಪು. ಈ ವಯಸ್ಸಿನಲ್ಲಿ ಅವರಿಗೆ ದುಡ್ಡಿಗಿಂತ ಆ ಮಾತೇ ಜಾಸ್ತಿ ಚುಚ್ಚಿದೆ.

ಮೂರು ವರ್ಷ ಕಳೆದ ಮೇಲೆ ಪಾಲಿಸಿಯನ್ನು ಪ್ರಶ್ನೆ ಮಾಡುವಂತಿಲ್ಲ ಅಂತ ಕೆಲವರು ಧೈರ್ಯ ಹೇಳಿದರು. ಅದು ವಿಮಾ ಕಾಯ್ದೆಯ 45ನೇ ಸೆಕ್ಷನ್, ಜೀವ ವಿಮೆಗೆ ಮಾತ್ರ. ಮನೆ ವಿಮೆಯ ಜಗಳದಲ್ಲಿ ಅದನ್ನು ಹಿಡಿದು ಹೋದರೆ ಕೆಲಸಕ್ಕೆ ಬರುವುದಿಲ್ಲ, ಬೇರೆಯವರೂ ಗಮನಿಸಲಿ.

ಉಳಿದ ಅವಧಿಯ ಪ್ರೀಮಿಯಂ ಅಂತ ಒಂದಿಷ್ಟು ಹಣವನ್ನು ನಾವು ಕೇಳದೆಯೇ ಖಾತೆಗೆ ಹಾಕಿದ್ದಾರೆ. ರದ್ದತಿಗೆ ನಮ್ಮ ಒಪ್ಪಿಗೆ ಇಲ್ಲ, ಈ ಹಣ ಬಂದದ್ದನ್ನು ಒಪ್ಪಿಗೆ ಅಂತ ತಿಳಿಯಬೇಡಿ, ಪಾಲಿಸಿ ಮತ್ತೆ ಚಾಲೂ ಮಾಡಿ ಅಂತ ಕೂಡಲೇ ಲಿಖಿತವಾಗಿ ತಿಳಿಸಿದ್ದೇವೆ. ಇಂಥ ಪತ್ರ ಬಂದಿರುವ ಬೇರೆಯವರೂ ಸುಮ್ನೆ ಕೂರಬೇಡಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಪ್ರಾಧಿಕಾರದ ಬೀಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ, ಇಲ್ಲವೇ 155255ಕ್ಕೆ ಫೋನ್ ಮಾಡಿ. ಉತ್ತರ ಸರಿ ಕಾಣದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರವೇ ಬರದಿದ್ದರೆ, ಗ್ರಾಹಕರ ದೂರು ವಿಚಾರಿಸಿ ತೀರ್ಮಾನ ಕೊಡುವ, ಬೆಂಗಳೂರು ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಅಲ್ಲಿನ ಆದೇಶಕ್ಕೆ ಕಂಪನಿ ತಲೆಬಾಗಲೇಬೇಕು. ಕಂಪನಿಯ ಉತ್ತರ ಬಂದು ಒಂದು ವರ್ಷ ದಾಟಬಾರದು, ಅಷ್ಟೇ.

ಬ್ಯಾಂಕಿನ ಬಗ್ಗೆಯೂ ಹೇಳಬೇಕು. ಪಾಲಿಸಿ ಮಾರಿದ ಅದೇ ಶಾಖೆಯವರು ಈಗ ಫೋನ್ ಮಾಡಿ, ಸಾಲದ ಷರತ್ತಿನಂತೆ ಮನೆಗೆ ವಿಮೆ ಇರಲೇಬೇಕು, ಬೇಗ ಬೇರೆ ಮಾಡಿಸಿ ಅನ್ನುತ್ತಿದ್ದಾರೆ. ಫಾರಂ ತುಂಬಿದವರು ನೀವೇ, ಕಂಪನಿಗೆ ನೀವೇ ಒಂದು ಪತ್ರ ಬರೆಯಿರಿ ಅಂದರೆ, ಅದು ನಿಮಗೂ ಕಂಪನಿಗೂ ಬಿಟ್ಟದ್ದು ಅನ್ನುತ್ತಾರೆ. ಕಮಿಷನ್ ಪಡೆದು ವಿಮೆ ಮಾರುವ ಬ್ಯಾಂಕಿಗೆ ಇದರಲ್ಲಿ ಜವಾಬ್ದಾರಿ ಇದೆ.

ಜಿಲ್ಲೆಯಲ್ಲಿ ಈ ವರ್ಷ ಎಷ್ಟು ಮನೆಗಳ ವಿಮೆ ಹೀಗೆ ರದ್ದಾಗಿದೆ ಅನ್ನುವ ಲೆಕ್ಕವನ್ನು ಜಿಲ್ಲಾಧಿಕಾರಿಗಳು ಜಿಲ್ಲೆಯ ಬ್ಯಾಂಕಿನವರೆಲ್ಲ ಸೇರುವ ಲೀಡ್ ಬ್ಯಾಂಕ್ ಸಭೆಯಲ್ಲಿ ಕೇಳಬೇಕು. ರದ್ದತಿ ನೋಟಿಸ್ ಕನ್ನಡದಲ್ಲೂ ಇರಬೇಕು, ಸಹಿ ಪಡೆದು ಕೊಡುವ ಅಂಚೆಯಲ್ಲಿ ಬರಬೇಕು. ನಮ್ಮ ತಂದೆ ಇಮೇಲ್ ನೋಡುವವರಲ್ಲ, ಅದು ನನ್ನ ಕಣ್ಣಿಗೆ ಬಿದ್ದದ್ದರಿಂದ ಗೊತ್ತಾಯಿತು. ಒಂಟಿಯಾಗಿರುವ ಹಿರಿಯರ ಮನೆಗಳಲ್ಲಿ ವಿಮೆ ಹೋಗಿರುವುದು ಬರೆ ಜಾರಿದ ಮೇಲೆಯೇ ತಿಳಿಯಬಹುದು. ದಯವಿಟ್ಟು ನಿಮ್ಮ ವರದಿಗಾರರಿಂದ ಈ ವಿಷಯ ವಿಚಾರಿಸಿ. ಫಾರಂ, ರದ್ದತಿ ಇಮೇಲ್ ಮತ್ತು ನಾವು ಬರೆದ ಉತ್ತರದ ನಕಲುಗಳನ್ನು ಇದರ ಜೊತೆ ಇಟ್ಟಿದ್ದೇನೆ.

– ಓದುಗರೊಬ್ಬರು, ಮಡಿಕೇರಿ ತಾಲ್ಲೂಕು