ಕಂಪ್ಯೂಟರ್ ಕೋಣೆ ಸೋರಿದೆ, ಮಕ್ಕಳ ಸೈಬರ್ ಪಾಠ ನಿಂತಿದೆ: ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಮನವಿ

ಆತ್ಮೀಯ ಹಳೆಯ ವಿದ್ಯಾರ್ಥಿಗಳೇ, ಊರಿನ ಹಿರಿಯರೇ,

ನಮಸ್ಕಾರ. ಜುಲೈ ತಿಂಗಳ ಮಳೆಗೆ ನಮ್ಮ ಕಂಪ್ಯೂಟರ್ ಕೋಣೆಯ ಚಾವಣಿ ಸೋರಿತು. ನಿಮಗೆಲ್ಲ ಗೊತ್ತಿರುವ ಕೋಣೆಯೇ ಅದು. ಬೇವಿನ ಮರದ ಪಕ್ಕದ್ದು, ಮೊದಲು ಹೊಲಿಗೆ ಕ್ಲಾಸ್ ನಡೀತಿತ್ತಲ್ಲ, ಅದೇ. ಶನಿವಾರ ಬೀಗ ಹಾಕಿ ಹೋಗಿದ್ದೆವು. ಸೋಮವಾರ ಬಾಗಿಲು ತೆಗೆದರೆ ಮೇಜಿನ ಮೇಲಿಂದ ನೀರು ಇಳಿಯುತ್ತಿತ್ತು. 14 ಕಂಪ್ಯೂಟರ್‌ಗಳಲ್ಲಿ ಈಗ ನಾಲ್ಕು ಮಾತ್ರ ಶುರುವಾಗುತ್ತವೆ. ಯುಪಿಎಸ್ ಬ್ಯಾಟರಿಗಳು ಪೂರ್ತಿ ಹಾಳಾಗಿವೆ.

ಚಾವಣಿ ಸೋರುವುದು ನಮಗೆ ಹೊಸದಲ್ಲ. 1968ರಲ್ಲಿ ಗುಡಿಯ ಪೌಳಿಯಲ್ಲಿ 23 ಮಕ್ಕಳಿಂದ ಶುರುವಾದ ಶಾಲೆ ಇದು. ಮಳೆಗಾಲದಲ್ಲಿ ಗೋಣಿಚೀಲ ಹೊದ್ದು ಪಾಠ ಕೇಳಿದವರು ನಿಮ್ಮಲ್ಲೇ ಇದ್ದೀರಿ. ಹಂಚಿನ ಕೋಣೆ ಕಟ್ಟುವಾಗ ಹೆಡ್‌ಮಾಸ್ತರರೇ ಇಟ್ಟಿಗೆ ಹೊತ್ತಿದ್ದರು. ಇಲ್ಲಿ ಓದಿದವರು ಇವತ್ತು ಡಾಕ್ಟರ್, ಎಂಜಿನಿಯರ್, ತಹಶೀಲ್ದಾರ್ ಆಗಿದ್ದಾರೆ. ಸೈನ್ಯದಲ್ಲೇ ಒಂಬತ್ತು ಜನ ಇದ್ದಾರೆ. ನಮ್ಮ ಹುಡುಗಿಯರ ಖೋಖೋ ತಂಡ ಎರಡು ಸಲ ರಾಜ್ಯಮಟ್ಟಕ್ಕೆ ಹೋಗಿ ಬಂತು. ಸುತ್ತಲಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೊದಲು ಕಂಪ್ಯೂಟರ್ ಬಂದದ್ದೂ ನಮ್ಮಲ್ಲೇ. ಹೇಳುತ್ತಾ ಹೋದರೆ ಪುಟ ಸಾಲದು. ಅದೆಲ್ಲ ಆದದ್ದು ನಿಮ್ಮಂಥವರು ಕೈ ಹಿಡಿದಿದ್ದರಿಂದ.

ಈ ಸಲ ಚಾವಣಿಯ ಜೊತೆಗೆ ಇನ್ನೊಂದು ನಿಂತುಹೋಗಿದೆ. ಅದು ಮಕ್ಕಳ ಸೈಬರ್ ಸುರಕ್ಷತೆಯ ಪಾಠ.

ನಮ್ಮ ಮಕ್ಕಳ ಮನೆ ಪರಿಸ್ಥಿತಿ ನಿಮಗೆ ಗೊತ್ತು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರಲು ಶುರುವಾದರೆ ತಾಯಂದಿರು ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಕತ್ತಲಾದ ಮೇಲೆಯೇ ಮನೆಗೆ ಬರುತ್ತಾರೆ. ಕಣ್ಣು, ಕೈ ಎಲ್ಲ ಉರಿ. ಮನೆಗೊಂದೇ ಫೋನು. ಕೂಲಿ ದುಡ್ಡು, ಗೃಹಲಕ್ಷ್ಮಿ ದುಡ್ಡು, ಪಿಎಂ ಕಿಸಾನ್ ಕಂತು ಎಲ್ಲದರ ಮೆಸೇಜೂ ಅದಕ್ಕೇ ಬರುತ್ತದೆ. ಆ ಮೆಸೇಜ್ ಓದಿ ಹೇಳುವವರು ಯಾರು? ಎಂಟನೇ, ಒಂಬತ್ತನೇ ತರಗತಿಯ ಮಗುವೇ. ಎಷ್ಟೋ ಮನೆಗಳಲ್ಲಿ ಪಿನ್ ಒತ್ತುವುದೂ ಅದೇ ಮಗು. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಪಾಠಕ್ಕೆಂದು ನಾವೇ ಫೋನ್ ಕೊಡಿಸಿ ಎಂದು ಮನೆಮನೆಗೆ ಹೋಗಿ ಹೇಳಿದ್ದೆವು. ಫೋನನ್ನು ಹೇಗೆ ಹುಷಾರಾಗಿ ಬಳಸಬೇಕು ಅಂತ ಹೇಳಿಕೊಡಲಿಲ್ಲ. ಆ ಋಣ ನಮ್ಮ ಮೇಲಿದೆ ಎಂದೇ ನಾನು ತಿಳಿದಿದ್ದೇನೆ.

ಅದಕ್ಕೇ ಕಳೆದ ಜನವರಿಯಲ್ಲಿ ಪ್ರತಿ ಶನಿವಾರ ಎರಡು ತಾಸಿನ ಪಾಠ ಶುರು ಮಾಡಿದೆವು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಹುಬ್ಬಳ್ಳಿಯಿಂದ ಬಂದು ಕಲಿಸುತ್ತಿದ್ದರು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಿಂದಲೂ ಒಮ್ಮೆ ಬಂದು ಮಾತಾಡಿ ಹೋದರು. ಸುಮ್ನೆ ಭಾಷಣದ ಪಾಠ ಅಲ್ಲ ಅದು. ಕ್ಯೂಆರ್ ಕೋಡನ್ನು ಮಕ್ಕಳ ಕೈಯಲ್ಲೇ ಸ್ಕ್ಯಾನ್ ಮಾಡಿಸಿ, ಪಿನ್ ಕೇಳುವ ಪರದೆ ಬಂದ ಕೂಡಲೇ ನಿಲ್ಲಿಸಿ, "ಈಗ ದುಡ್ಡು ಬರುತ್ತೋ ಹೋಗುತ್ತೋ?" ಎಂದು ಕೇಳುವುದು. ಸ್ಕ್ಯಾನ್ ಮಾಡಿ ಯುಪಿಐ ಪಿನ್ ಹಾಕಿದರೆ ದುಡ್ಡು ಹೋಗುತ್ತದೆ. ದುಡ್ಡು ಬರಲು ಪಿನ್ ಬೇಕಿಲ್ಲ. ಇಷ್ಟೇ ವಿಷಯ, ಆದರೆ ನಮ್ಮ ಶಿಕ್ಷಕರಲ್ಲೇ ಅರ್ಧ ಜನರಿಗೆ ಇದು ಖಚಿತವಾಗಿ ಗೊತ್ತಿರಲಿಲ್ಲ.

ಎರಡೇ ತಿಂಗಳಲ್ಲಿ ಇದರ ಫಲ ಕಂಡೆವು. ಎಂಟನೇ ತರಗತಿ ಹುಡುಗಿಯ ಅಜ್ಜನ ಫೋನಿಗೆ ವಾಟ್ಸಾಪ್‌ನಲ್ಲಿ ಪಿಎಂ ಕಿಸಾನ್ ಹೆಸರಿನ ಫೈಲೊಂದು ಬಂದಿತ್ತು. ಅಜ್ಜ ಒತ್ತುವುದರಲ್ಲಿದ್ದ. "ಅಜ್ಜಾ, ಇದರ ಬಾಲ ನೋಡು, ಎಪಿಕೆ ಅಂತ ಐತಿ, ಇದು ಕಾಗದ ಅಲ್ಲ, ಆ್ಯಪು" ಎಂದು ಅವಳು ಫೋನ್ ಕಿತ್ತುಕೊಂಡಳಂತೆ. ಇಂಥ ಆ್ಯಪ್ ಒಳಗೆ ಹೊಕ್ಕರೆ ಒಟಿಪಿ ಮೆಸೇಜ್‌ಗಳನ್ನು ತಾನೇ ಓದಿ ಬೇರೆಯವರಿಗೆ ಕಳಿಸಬಲ್ಲದು. ಮದುವೆ ಕರೆಯೋಲೆ ಎಂದೂ ಇದೇ ಬರುತ್ತದೆ. ಅಜ್ಜ ಮರುದಿನ ಶಾಲೆಗೆ ಬಂದು, ಜೇಬಿನಿಂದ ನೂರು ರೂಪಾಯಿ ತೆಗೆದು ಮೇಜಿನ ಮೇಲಿಟ್ಟು ಹೋದರು. ಅದಕ್ಕೆ ಬರೆದ ರಸೀದಿಯ ಪ್ರತಿಯನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ.

ಇನ್ನೊಂದು ಸಂಗತಿ ಹೇಳುವುದು ಕಷ್ಟ. ಒಂಬತ್ತನೇ ತರಗತಿಯವರ ಪಾಳಿ ಆಗಸ್ಟ್‌ಗೆ ಇತ್ತು. ಜುಲೈನಲ್ಲಿ ಕೋಣೆ ಸೋರಿ ಪಾಠ ನಿಂತಿತು. ಆಗಸ್ಟ್‌ನಲ್ಲೇ ಆ ತರಗತಿಯ ಹುಡುಗನಿಗೆ ಫೋನ್ ಬಂತು. ವಿದ್ಯಾರ್ಥಿವೇತನ ಮಂಜೂರಾಗಿದೆ, ಕ್ಯೂಆರ್ ಕಳಿಸುತ್ತೇವೆ, ಸ್ಕ್ಯಾನ್ ಮಾಡಿ ಪಿನ್ ಹಾಕು ಎಂದರು. ಅವನ ಹೆಸರು, ತರಗತಿ ಎರಡನ್ನೂ ಅವರೇ ಹೇಳಿದರು. ಅವನು ಮೂರು ಸಲ ಪಿನ್ ಹಾಕಿದ. ಅವ್ವನ ಖಾತೆಯಿಂದ 18,600 ರೂಪಾಯಿ ಹೋಯಿತು. ಒಂದು ಸುಗ್ಗಿಯ ಕೂಲಿ ಅದು. ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ನಾನು ಮನೆಗೆ ಹೋದಾಗ ಹಿತ್ತಲಲ್ಲಿ ಕೂತಿದ್ದ. "ಸರ್, ಅವ್ವಗ ಹೇಳಬ್ಯಾಡ್ರಿ" ಎಂದು ಅತ್ತ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಸುವ ಅವಕಾಶ ಇತ್ತು. ಆ ನಂಬರ್ ಅವನಿಗೆ ಗೊತ್ತಿರಲಿಲ್ಲ. ಐದನೇ ದಿನ ದೂರು ಕೊಟ್ಟೆವು. ಒಂದು ರೂಪಾಯಿಯೂ ವಾಪಸ್ ಬಂದಿಲ್ಲ. ಅವನ ಪಾಳಿ ಒಂದು ತಿಂಗಳು ಮುಂಚೆ ಇಟ್ಟಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ದುಡ್ಡಿನ ಮೋಸ ಹೇಗೋ ಹೊರಗೆ ಬರುತ್ತದೆ. ಫೋಟೊ ತಿರುಚಿ ಹೆದರಿಸುವುದು ಹೊರಗೇ ಬರುವುದಿಲ್ಲ. ಓದು ಬಿಡಿಸುತ್ತಾರೆ ಅಂತ ಹೆದರಿ ಹೆಣ್ಣುಮಕ್ಕಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಅವರಿಗೆ ನಾವು ಹೇಳಿಕೊಡುವುದು ಇಷ್ಟು: ದುಡ್ಡು ಕೊಡಬೇಡ, ಮೆಸೇಜ್ ಅಳಿಸಬೇಡ, ನಂಬುವ ಒಬ್ಬ ದೊಡ್ಡವರಿಗೆ ಅವತ್ತೇ ಹೇಳು, ಯಾರೂ ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. 18 ವರ್ಷದೊಳಗಿನವರ ನಗ್ನ, ಅಶ್ಲೀಲ ಚಿತ್ರಗಳು ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಚಿತ್ರ ನಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಗುರುತಿನ ಸಂಕೇತ ಮಾತ್ರ ಆ ಸೇವೆಯವರಿಗೆ ಹೋಗುತ್ತದೆ. ಗಂಡುಮಕ್ಕಳಿಗೂ ಪಾಠ ಬೇಕೇ ಬೇಕು. ಮಕ್ಕಳ ಅಶ್ಲೀಲ ಚಿತ್ರವನ್ನು ಮುಂದೆ ಕಳಿಸುವುದು ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ತಮಾಷೆಗೆ ಕಳಿಸಿದೆ ಎಂದರೆ ಕೇಳುವುದಿಲ್ಲ. ಪಿಯುಸಿಗೆ ಹೋದ ಹುಡುಗರಿಗೆ ಐದು ಸಾವಿರ ಆಸೆ ತೋರಿಸಿ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಬಾಡಿಗೆಗೆ ಕೇಳುವವರೂ ಇದ್ದಾರೆ. ಮೋಸದ ದುಡ್ಡು ಆ ಖಾತೆಗೆ ಬಂದರೆ ಆಮೇಲೆ ಪೊಲೀಸರು ಬರುವುದು ಆ ಹುಡುಗನ ಮನೆಗೇ ಅಲ್ವಾ?

ಖರ್ಚಿನ ಅಂದಾಜು ಹೀಗಿದೆ. ಚಾವಣಿಗೆ ನೀರು ಇಳಿಯದಂತೆ ಮಾಡಿ ಮೇಲೆ ಶೀಟ್ ಹಾಕಲು ಒಂದು ಲಕ್ಷ 60 ಸಾವಿರ ಹೇಳಿದ್ದಾರೆ. ಬಳಸಿದ, ಆದರೆ ಚೆನ್ನಾಗಿರುವ ಹತ್ತು ಕಂಪ್ಯೂಟರ್‌ಗೆ ಒಂದೂವರೆ ಲಕ್ಷ. ಬ್ಯಾಟರಿಗೆ 40 ಸಾವಿರ. ಹುಬ್ಬಳ್ಳಿಯಿಂದ ಎಷ್ಟು ದಿನ ಅಂತ ಆ ಹೆಣ್ಣುಮಗಳು ತನ್ನ ದುಡ್ಡಲ್ಲೇ ಬಂದಾಳು? ತಿಂಗಳಿಗೆ ಎಂಟು ಸಾವಿರದಂತೆ ಹತ್ತು ತಿಂಗಳು ಗೌರವಧನ ಕೊಡಬೇಕು ಎಂದು ಮಂಡಳಿ ತೀರ್ಮಾನಿಸಿದೆ. ಮನೆಗೆ ಒಯ್ಯುವ ಕನ್ನಡ ಕೈಪಿಡಿ ಅಚ್ಚು ಹಾಕಿಸಲು 20 ಸಾವಿರ ಬೇಕು. ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಹತ್ತಿರ ಆಗುತ್ತದೆ.

1989ರ ಬ್ಯಾಚಿನ ಒಬ್ಬರು ಅರ್ಧ ತಾವೇ ಕೊಡುತ್ತೇನೆ ಎಂದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಉಳಿದರ್ಧ ನವೆಂಬರ್ 15ರೊಳಗೆ ಊರಿನವರು, ಹಳೆಯ ವಿದ್ಯಾರ್ಥಿಗಳು ಸೇರಿಸಬೇಕು ಎಂಬುದು ಅವರ ಷರತ್ತು. ಇಲ್ಲಿವರೆಗೆ 70 ಸಾವಿರ ಆಗಿದೆ. ಇನ್ನೂ ಒಂದು ಲಕ್ಷ 55 ಸಾವಿರ ಬೇಕು. ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಪಾಠ ಶುರುವಾಗಲೇಬೇಕು. ಮನೆಮನೆಯ ಖಾತೆಗೆ ದುಡ್ಡು ಬರುವುದು ಆಗಲೇ.

ಐನೂರು ಕೊಟ್ಟರೂ ಸಂತೋಷ, ಐವತ್ತು ಸಾವಿರ ಕೊಟ್ಟರೂ ಸಂತೋಷ. ಮನೆಯಲ್ಲಿ ಸುಮ್ನೆ ಕೂತಿರುವ ಒಳ್ಳೆ ಲ್ಯಾಪ್‌ಟಾಪ್ ಇದ್ದರೆ ಅದನ್ನೂ ಕೊಡಬಹುದು.

ಈ ಮನವಿಯಲ್ಲಿ ಕ್ಯೂಆರ್ ಕೋಡ್, ಲಿಂಕ್, ಖಾತೆ ನಂಬರ್ ಯಾವುದನ್ನೂ ಹಾಕಿಲ್ಲ. ಬೇಕೆಂದೇ ಹಾಕಿಲ್ಲ. ಗುಂಪಿನಿಂದ ಗುಂಪಿಗೆ ಹೋಗುವಾಗ ಯಾರಾದರೂ ಅದನ್ನು ಬದಲಿಸಿದರೆ ಕಷ್ಟ. ನಿಮ್ಮ ಹತ್ತಿರ ಮೊದಲಿನಿಂದ ಇರುವ ಶಾಲೆಯ ನಂಬರ್‌ಗೆ ನೀವೇ ಫೋನ್ ಮಾಡಿ, ಇಲ್ಲವೇ ಆಫೀಸಿಗೆ ಬನ್ನಿ. ಖಾತೆ ವಿವರ ಕ್ಲಾರ್ಕ್ ಓದಿ ಹೇಳುತ್ತಾರೆ. ಕಳಿಸುವ ಮೊದಲು ಪರದೆಯಲ್ಲಿ ನಮ್ಮ ಶಾಲೆಯ ಟ್ರಸ್ಟ್ ಹೆಸರು ಬಂದಿದೆಯೇ ನೋಡಿ. ದೇಣಿಗೆ ಕೊಡಿ ಎಂದು ನಾವಾಗಿ ಯಾರಿಗೂ ಫೋನ್ ಮಾಡುವುದಿಲ್ಲ. ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ ರಸೀದಿ ಕೊಡುತ್ತೇವೆ. ನಗದು ಎರಡು ಸಾವಿರಕ್ಕಿಂತ ಜಾಸ್ತಿ ಇದ್ದರೆ ಆ ರಿಯಾಯಿತಿ ಸಿಗುವುದಿಲ್ಲ, ಹಾಗಾಗಿ ದೊಡ್ಡ ಮೊತ್ತಕ್ಕೆ ಚೆಕ್ ಒಳ್ಳೆಯದು.

ಪ್ರತಿ ಶನಿವಾರ ಬೆಳಿಗ್ಗೆ ನಾನು ಶಾಲೆಯಲ್ಲೇ ಇರುತ್ತೇನೆ. ಬಂದರೆ ಕೋಣೆಯನ್ನು ಕಣ್ಣಾರೆ ನೋಡಬಹುದು.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ